ಮೂರನೇ ಬಕೆಟ್ಟು

ಹಾಗಲ್ಲ ಮಾರಾಯ, ನಲ್ಲಿಯ ಕೆಳಗೆ ಹಿಡಿಯಬೇಡ.
ಸಲ್ಮಾಬಾದಿನ ಜುಲೈ ಇದು,
ಟ್ಯಾಂಕಿಯ ನೀರಲ್ಲಿ ಮೊಟ್ಟೆ ಬೇಯುತ್ತದೆ,
ಬಣ್ಣ ನೂಲಿಗೆ ಕಚ್ಚಿಕೊಂಡು ಅಲ್ಲೇ ಕೂರುತ್ತದೆ.
ಬೆಳಿಗ್ಗೆ ವ್ಯಾನು ಬರುವ ಮೊದಲೇ
ಮೂರು ಬಕೆಟ್ಟು ತುಂಬಿ ಎಸಿ ಕೆಳಗೆ ಇಡುವುದು.
ರಾತ್ರಿಗೆ ಅದು ನೀರಾಗುತ್ತದೆ.

ಮೊದಲು ಹೆರೆ, ಪುಟ್ಟಿ ಚಾಕುವಿನ ಬೆನ್ನಿನಿಂದ.
ಮೀನಿನ ಚಿಪ್ಪು ತೆಗೆದ ಹಾಗೆ ಎದುರು ಹೆರೆಯಬೇಡ,
ನೂಲು ಮಲಗಿದ ಕಡೆಗೇ ಎಳೆ.
ಬಿದ್ದ ಬಣ್ಣ ಡಬ್ಬಿಗೆ ವಾಪಸ್ಸು, ಕಂಪನಿಯದ್ದು ಅದು.
ಆಮೇಲೆ ಮೊದಲ ಬಕೆಟ್ಟು: ಮಜ್ಜಿಗೆ.
ಎರಡನೆಯದು: ಅಕ್ಕಿ ತೊಳೆದ ನೀರು.
ಮೂರನೆಯದರಲ್ಲಿ ನಿನ್ನ ಉಗುರು ನಿನಗೆ ಕಾಣಬೇಕು.
ಕಾಣುವವರೆಗೆ ಊಟವಿಲ್ಲ.

ಹೊಸತು ಒಂದು ದಿನಾರಿಗೆ ಸಿಗುತ್ತದಲ್ಲ ಅಣ್ಣಾ, ಅಂತೀ.
ಸಿಗುತ್ತದೆ. ಹೊಸತು ಮೂರು ಗೋಡೆಯವರೆಗೆ ಕೂದಲು ಉದುರಿಸುತ್ತದೆ.
ಇದು ಉದುರಿಸುವುದನ್ನೆಲ್ಲ ಉದುರಿಸಿ ಮುಗಿಸಿದೆ,
ನನ್ನ ತಲೆಯ ಹಾಗೆ.

ಇದರಿಂದ ಏನೇನು ಇಳಿದಿದೆ ಗೊತ್ತುಂಟಾ?
ರಿಫಾದ ಬ್ಯಾಂಕಿನ ಬೂದಿ,
ಹಮದ್ ಟೌನಿನ ಬೇಕರಿಯ ಹಳದಿ,
ಹಲ್ಲಿನ ಡಾಕ್ಟರನ ಹಸಿರು.
ಮಾರ್ಚಿನಲ್ಲಿ ಬುಸೈತೀನಿನ ಒಂದು ಮನೆಗೆ ಗುಲಾಬಿ.
ಸಣ್ಣ ಕೋಣೆ,
ಕಿಟಕಿಯ ಕೆಳಗೆ ಪ್ಲಾಸ್ಟಿಕ್ಕು ಬಿಚ್ಚದ ತೊಟ್ಟಿಲು.
ಯಜಮಾನ ತಾನೇ ಚಹಾ ತಂದ, ಏಲಕ್ಕಿ ಜಾಸ್ತಿ.
ಆ ರಾತ್ರಿ ಊರಿಂದ ಫೋನಿತ್ತು,
ಇದನ್ನು ಎರಡೇ ಬಕೆಟ್ಟಿಗೆ ಮುಗಿಸಿ ಮಲಗಿದೆ.

ಮೇ ತಿಂಗಳಲ್ಲಿ ಅದೇ ಮನೆ, ಅದೇ ಕೋಣೆ.
ಬಿಳಿ ಹೊಡೆಯಿರಿ ಅಂದರು.
ತೊಟ್ಟಿಲಿದ್ದ ಕಡೆ ನೆಲದಲ್ಲಿ ನಾಲ್ಕು ಗುರುತು.
ಯಾಕೆ ಅಂತ ಯೂಸುಬ್ಬನೂ ಕೇಳಲಿಲ್ಲ,
ಉಪ್ಪು ಕಡಿಮೆಯಾದರೂ ಯಾಕೆ ಅನ್ನುವವನು.
ಬೇರೆ ರೋಲರು, ಹೊಸ ಡಬ್ಬಿ.
ಎರಡು ಕೋಟು ಸಾಲಲಿಲ್ಲ. ಮೂರು ಹೊಡೆದೆವು.

ವಾರ ಕಳೆದು ಗಲಾಲಿಯಲ್ಲಿ ಇದನ್ನು ಬಿಚ್ಚಿದೆ.
ಮಜ್ಲಿಸಿನ ಬಿಳಿ ಗೋಡೆ,
ನಡುವೆ ಒಂದು ಎಳೆ ಗುಲಾಬಿ,
ಉಗುರಿನಿಂದ ಗೀರಿದಷ್ಟು.
ಸೂಪರ್‌ವೈಸರ್ ಎರಡು ದಿನಾರು ಕತ್ತರಿಸಿದ, ಕತ್ತರಿಸಲಿ.
ಅದರ ಮೇಲೆ ಬಿಳಿ ಎಳೆಯಲು ತಡ ಮಾಡಿದವನು ನಾನೇ.

ಇರಲಿ. ಈಗ ಹಿಂಡಿ, ಅಂಗೈಗಳ ನಡುವೆ ತಿರುಗಿಸು
ಕಡಗೋಲಿನ ಹಾಗೆ. ಗೋಡೆಗೆ ಸಿಡಿಯದಿರಲಿ, ಲುಂಗಿಗೆ ಪರವಾಗಿಲ್ಲ.
ನಿಲ್ಲಿಸಿಯೇ ಇಡು,
ಮಲಗಿಸಿದರೆ ಒಂದು ಮಗ್ಗುಲು ಚಪ್ಪಟೆ,
ಮತ್ತೆ ಎಷ್ಟು ಉರುಳಿಸಿದರೂ ಸರಿಹೋಗದು.
ನಾಳೆಯೇ ಕೆಲಸವಿದ್ದರೆ ಖುಬ್ಬೂಸಿನ ಪ್ಲಾಸ್ಟಿಕ್ಕು ಸುತ್ತು.
ಯಾವಾಗ ಅಂತ ಗೊತ್ತಿಲ್ಲದಿದ್ದರೆ ಬಟ್ಟೆ.
ಮೂರು ವಾರವಾಯಿತು, ಆಫೀಸಿನವರು
ಪ್ಲಾಸ್ಟಿಕ್ಕು ಅಂತಲೂ ಹೇಳುವುದಿಲ್ಲ, ಬಟ್ಟೆ ಅಂತಲೂ.

ಮೂರನೇ ಬಕೆಟ್ಟು ಚೆಲ್ಲಬೇಡ.
ಕೆಲಸ ಬಂದರೆ ನಾಳೆ ಅದೇ ಮೊದಲನೆಯದು.
ಒಂದು ಚೊಂಬು ಮಾತ್ರ ತೆಗೆದು
ಕಾಲು ತೊಳೆದು ಬಾ,
ಅನ್ನ ಆರುತ್ತಿದೆ.