ನೂರನೆಯ ಕಾಳು

ಅಂಚೆಯಲ್ಲಿ ಬರುತ್ತವೆ ನಮಗೆ ಕಡಲುಗಳು.
ಬೆಂಕಿಪೊಟ್ಟಣದಲ್ಲಿ, ಮಾತ್ರೆಯ ಡಬ್ಬಿಯಲ್ಲಿ,
ಒಮ್ಮೆ ಯಾರದೋ ಉಂಗುರದ ಪೆಟ್ಟಿಗೆಯಲ್ಲಿ.
ಬಿಚ್ಚಿದರೆ ಮೇಜಿನ ಮೇಲೆ ಚಿಟಿಕೆ ಮರಳು,
ಮರಳಿನ ಜೊತೆ ಇವು:
ಬೇಳೆಯಷ್ಟು ಗಾತ್ರ, ಉಪ್ಪಿನ ವಾಸನೆ.

ಯೊಕೊಹಾಮಾದ ಈ ನಾಲ್ಕನೇ ಮಹಡಿಯಲ್ಲಿ
ಹದಿನೇಳು ವರ್ಷದಿಂದ ನನ್ನ ಕೆಲಸ ಇಷ್ಟೇ,
ಚಿಮಟದಲ್ಲಿ ಎತ್ತುವುದು, ಬಣ್ಣ ನೋಡುವುದು,
ಬಿಳಿಯದು ಆಚೆ, ಹಳದಿಯದು ಈಚೆ.
ಬಿಳಿ ಅಂದರೆ ನಿನ್ನೆ ಮೊನ್ನೆ ಚೆಲ್ಲಿದ್ದು.
ಹಳದಿ ಅಂದರೆ ವಯಸ್ಸಾದದ್ದು,
ಬಿಸಿಲು ಕುಡಿದದ್ದು,
ಬಿಸಿಲಿನ ಜೊತೆ ಬೇರೆ ಏನೇನನ್ನೋ ಕುಡಿದದ್ದು.

ಬಕೆಟ್ಟಾಗಬೇಕಿತ್ತು ಇದು, ಬಾಚಣಿಗೆಯಾಗಬೇಕಿತ್ತು,
ಯಾವುದೋ ಮಗುವಿನ ಗಿಲಕಿಯಾಗಬೇಕಿತ್ತು.
ಏನೂ ಆಗುವ ಮೊದಲೇ ಚೀಲ ಹರಿದು
ಸಾಯಲೂ ಬಾರದೆ ತೇಲಿತು.
ನೀರಿನ ಜೊತೆ ಬಾಳಲೊಲ್ಲದ ವಿಷಗಳಿಗೂ
ಇಂಥದೇ ಒಂದು ಮನೆ ಬೇಕಿತ್ತು.
ನಾನು ಹುಟ್ಟುವ ಮೊದಲೇ ಇಲ್ಲಿ ನಿಷೇಧವಾದ ಡಿಡಿಟಿ,
ಗುಜರಿಗೆ ಹೋದ ಟ್ರಾನ್ಸ್‌ಫಾರ್ಮರುಗಳ ಎಣ್ಣೆ,
ಹೆಸರು ಹೇಳಹೋದರೆ ನಾಲಿಗೆ ತೊಡರುವ ಇನ್ನೂ ಕೆಲವು,
ಒಂದೊಂದು ಕಾಳಿನೊಳಗೂ ಸಂಸಾರ ಹೂಡಿವೆ.
ಮೀನಿಗೇನು ಗೊತ್ತು.
ಅದಕ್ಕೆ ಕಾಣುವುದು ಮೊಟ್ಟೆ.

ಮಂಗಳವಾರ ನೆಗೊಂಬೊ ಕಡೆಯಿಂದೊಂದು ಲಕೋಟೆ.
ಗೆರೆ ಹಾಕಿದ ಹಾಳೆ, ಆರನೇ ತರಗತಿಯ ಅಕ್ಷರ.

"ಮ್ಯಾಡಮ್,
ಹಡಗು ಹೊತ್ತಿ ಉರಿದ ವರ್ಷ
ನಮ್ಮ ದಂಡೆಯ ಮೇಲೆ ಹಿಮ ಬಿದ್ದ ಹಾಗಿತ್ತಂತೆ.
ಹಿಮ ನಮ್ಮಲ್ಲಿ ಯಾರೂ ನೋಡಿಲ್ಲ, ಟೀವಿಯವರು ಹೇಳಿದ್ದು.
ಅಪ್ಪನ ಮೀನನ್ನು ಎಷ್ಟೋ ದಿನ ಯಾರೂ ಕೊಳ್ಳಲಿಲ್ಲ.
ಅಮ್ಮ ಕೂಲಿಗೆ ಮರಳು ಜರಡಿ ಹಿಡಿದಳು.
ಈಗಲೂ ಬೆರಳಾಡಿಸಿದರೆ ಬಿಳಿಯವು ಬೇಕಾದಷ್ಟು.
ನಿಮಗೆ ಹಳದಿಯವೇ ಬೇಕಂತೆ, ನೂರು ಬೇಕಂತೆ.
ನಾಲ್ಕು ಭಾನುವಾರ ಚರ್ಚು ಬಿಟ್ಟ ಮೇಲೆ ಹುಡುಕಿದೆ.
ಸರಿಯಾಗಿ ನೂರಿದೆ, ಎಣಿಸಿದ್ದೇನೆ.
ನಮ್ಮ ಮೀನು ತಿನ್ನಬಹುದೋ ಇಲ್ಲವೋ ಬರೆಯಿರಿ.
ಇನೋಕಾ ಮಿಹಿರಾಣಿ ತಮೆಲ್."

ಎಣಿಸಿದೆ. ನೂರೇ.
ತೊಳೆಯಲೆಂದು ನೀರಿನ ಬಟ್ಟಲಿಗೆ ಸುರಿದು ಊಟಕ್ಕೆ ಹೋದೆ.
ಬಂದು ನೋಡಿದರೆ
ತೊಂಬತ್ತೊಂಬತ್ತು ಮೇಲೆ, ಹೋದಾಗ ಹೇಗಿದ್ದವೋ ಹಾಗೇ.
ಒಂದು ಮಾತ್ರ ತಳದಲ್ಲಿ.
ಊದಿಕೊಂಡಿದೆ, ಮೆತ್ತಗಾಗಿದೆ,
ಸುತ್ತಲ ನೀರಿಗೆ ತೆಳ್ಳಗೆ ಬಣ್ಣ ಬಿಟ್ಟಿದೆ.
ಚಿಮಟಕ್ಕೆ ಸಿಗದೆ ಜಾರಿತು, ಬೆರಳಲ್ಲೇ ಎತ್ತಿ ಮೂಸಿದೆ.
ಅರಿಶಿನ.
ಅರಿಶಿನ ಹಚ್ಚಿದ ಸಬ್ಬಕ್ಕಿ.

ಕಾಣುತ್ತಿದ್ದಾಳೆ ಹುಡುಗಿ:
ದೀಪದ ಕೆಳಗೆ ಮತ್ತೊಮ್ಮೆ ಎಣಿಸುತ್ತಾಳೆ,
ತೊಂಬತ್ತೊಂಬತ್ತು, ಮತ್ತೆ ತೊಂಬತ್ತೊಂಬತ್ತು.
ಅಮ್ಮ ಹಿತ್ತಿಲಿಗೆ ಹೋದದ್ದು ನೋಡಿಕೊಂಡು
ಡಬ್ಬಿಯಿಂದ ಒಂದೇ ಒಂದು ಕಾಳು ಹೆಕ್ಕಿ
ಒದ್ದೆ ಬೆರಳಲ್ಲಿ ಬಣ್ಣ ಉಜ್ಜಿ
ಕಿಟಕಿಯಲ್ಲಿ ಒಣಗಲಿಟ್ಟಿದ್ದಾಳೆ.
ನೂರು ತುಂಬದಿದ್ದರೆ ಉತ್ತರ ಬಾರದೆಂದು.

ರಿಜಿಸ್ಟರಿನಲ್ಲಿ ದಾಖಲಿಸಲೇಬೇಕು.
'ಅನ್ಯ ವಸ್ತು: ಒಂದು' ಎಂದು ಬರೆದು
ಸಹಿ ಹಾಕದೆ ತುಂಬ ಹೊತ್ತು ಕೂತೆ.

ಪ್ರೀತಿಯ ಇನೋಕಾ, ತೊಂಬತ್ತೊಂಬತ್ತೂ ಸಾಕು.
ಯಾವ ವಿಷ ಎಷ್ಟು ಎಂಬ ಪಟ್ಟಿ ಇದರ ಜೊತೆಗಿದೆ.
ದೊಡ್ಡವರ ಹತ್ತಿರ ಓದಿಸಿಕೋ.
ಇನ್ನು ಮೀನಿನ ವಿಚಾರ,

ಇಲ್ಲಿಗೆ ನಿಂತಿದೆ ಪತ್ರ, ಮೂರು ದಿನವಾಯಿತು.
ನನ್ನ ಊಟದ ಡಬ್ಬಿಯಲ್ಲೂ ಅವತ್ತು ಬಂಗುಡೆಯಿತ್ತು,
ತಿಂದಿದ್ದೆ.

ಸಬ್ಬಕ್ಕಿಯನ್ನು ವಿಷದ ತೊಟ್ಟಿಗೆ ಹಾಕಲಾರದೆ
ಮೇಜಿನ ಅಂಚಿನಲ್ಲಿ ಇಟ್ಟಿದ್ದೆ.
ಇವತ್ತು ಬೆಳಿಗ್ಗೆ, ನಾಲ್ಕು ಮಹಡಿ ಹೇಗೆ ಹತ್ತಿತೋ,
ಒಂದು ಇರುವೆ.
ತೊಂಬತ್ತೊಂಬತ್ತರ ತಟ್ಟೆಯ ಸುತ್ತ ಒಂದು ಸುತ್ತು ಬಂತು,
ನಿಂತಿತು, ಮೀಸೆ ಆಡಿಸಿತು,
ನೇರ ಅಂಚಿನ ಕಡೆ ನಡೆಯಿತು.