ಕೈ ಬದಲು

ಸಂತೆಪೇಟೆಯ ನನ್ನ ಅಂಗಡಿಗೆ ಬರುವವರು
ರಬ್ಬರ್ ಸ್ಟ್ಯಾಂಪಿಗೆ ಬರುತ್ತಾರೆ, ಶೀಲ್ಡಿಗೆ ಬರುತ್ತಾರೆ,
ಕಬಡ್ಡಿ, ದ್ವಿತೀಯ ಬಹುಮಾನ ಎಂದು
ಆಟಕ್ಕೆ ಮುಂಚೆಯೇ ಕೆತ್ತಿಸಿ ಒಯ್ಯುವ ಪಿ.ಟಿ. ಮೇಷ್ಟ್ರು ಬರುತ್ತಾರೆ.
ಸಂತನನ್ನು ಮಾಡಿಕೊಡಿ ಎಂದು ಬಂದವಳು
ಫಿಲೋಮಿನಾ ಒಬ್ಬಳೇ.

ಸರ್ವೇಯರ್ರು. ಬೂಟಿನ ತುಂಬ ಆಲೂರಿನ ಕೆಮ್ಮಣ್ಣು.
ವಾರವೆಲ್ಲ ಅಣ್ಣತಮ್ಮಂದಿರ ಬದುವಿನ ಜಗಳ ಅಳೆದು
ಭಾನುವಾರ ಒಂದು ಆಟಕ್ಕೆ ಹೋಗುತ್ತಾಳಂತೆ:
ಯಾರೋ ಎಲ್ಲೋ ಮೋರಿಯ ಕೆಳಗೆ, ಗೋಣಿಮರದ ಪೊಟರೆಯಲ್ಲಿ
ಡಬ್ಬಿ ಬಚ್ಚಿಟ್ಟು ಅಕ್ಷಾಂಶ ರೇಖಾಂಶ ಬರೆದಿಡುತ್ತಾರೆ,
ಇನ್ಯಾರೋ ಆಕಾಶದ ಉಪಗ್ರಹವನ್ನು ಕೇಳಿಕೊಂಡು
ಹುಡುಕಿ ಹೋಗುತ್ತಾರೆ.
'ಸಿಕ್ಕರೆ ಏನು ಕೊಡುತ್ತಾರೆ?'
'ಏನೂ ಇಲ್ಲ. ಹೆಸರು ಬರೆದು ಮತ್ತೆ ಮುಚ್ಚಿಡಬೇಕು.'
ನಾನು ನಕ್ಕೆ. ಅವಳೂ ನಕ್ಕಳು, ಬೇರೆ ಥರ.

ಅಂಥ ಡಬ್ಬಿಯಿಂದ ಡಬ್ಬಿಗೆ ನಡೆಯಲು ಒಂದು ನಾಣ್ಯ ಬೇಕು.
ಒಂದೂವರೆ ಅಂಗುಲ, ಹಿತ್ತಾಳೆ, ಅಂಚಿನಲ್ಲಿ ನಂಬರು.
ಐವತ್ತು ಹೊಡೆಯಬೇಕು: ನಲವತ್ತೊಂಬತ್ತು ಕೂಡಿಡುವವರಿಗೆ,
ಒಂದು ತಿರುಗುವುದಕ್ಕೆ.
ಹಿಂದುಗಡೆ ಗುಡಿಯ ಅಕ್ಷಾಂಶ, ಕನ್ನಡದ ಅಂಕಿಯಲ್ಲಿ,
ಓದಲಾಗದವರು ಪಕ್ಕದವರನ್ನು ಕೇಳಲಿ ಎಂದು.
ಮುಂದುಗಡೆ ನಮ್ಮ ಅಂತೋಣಪ್ಪ.

ಅಂತೋಣಪ್ಪ ನನಗೂ ಗೊತ್ತು. ಆಲೂರು ದಾರಿಯ ಆ ಹೆಂಚಿನ ಗುಡಿಗೆ
ಮಂಗಳವಾರ ಮೊಂಬತ್ತಿ ಹಿಡಿದು ಹೋಗುವವರಲ್ಲಿ
ಶಿಲುಬೆಯವರಿಗಿಂತ ವಿಭೂತಿಯವರೇ ಹೆಚ್ಚು.
ತಪ್ಪಿಸಿಕೊಂಡ ಎಮ್ಮೆ, ಓಲೆಯ ತಿರುಪು, ಪಹಣಿ,
ಕಳೆದದ್ದು ಏನಾದರೂ ಸರಿ, ಕಳೆದವರ ಜಾತಿ ಕೇಳುವುದಿಲ್ಲ.
ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ
ಅವ್ವ ಬತ್ತಿ ಹಚ್ಚಿದ ಮೂರನೇ ದಿನ
ರಾಗಿ ವಾಡೆಯಲ್ಲಿ ಸಿಕ್ಕಿತ್ತು.
ಸಿಗದಿದ್ದರೇ ಚೆನ್ನಾಗಿತ್ತು, ಅದು ಬೇರೆ ಮಾತು.

ಮುಖ ಹೇಗಿರಬೇಕು ಎನ್ನುವುದಕ್ಕೆ ಊರು ಒಪ್ಪಲಿಲ್ಲ.
ಪ್ರತಿಮೆಯ ಮೂಗು ಬಣ್ಣ ಬಳಿದು ಬಳಿದು ಮೊಂಡಾಗಿತ್ತು.
ಫಾದರ್ ಒಂದು ಪಟ ಕೊಟ್ಟರು, ಹಾಲಿನಂಥ ಸಂತ.
ಉಪದೇಶಿ ಚವುರಪ್ಪ 'ಸ್ವಲ್ಪ ಕಪ್ಪಿರಲಿ' ಎಂದ,
ಹಿತ್ತಾಳೆಯಲ್ಲಿ ಹೇಗೋ, ಅವನೇ ಹೇಳಬೇಕು.
ಫಿಲೋಮಿನಾಳ ಅಜ್ಜಿ ಲೂರ್ದಮ್ಮ ಮಾತ್ರ
'ನಮ್ಮ ಹಳೇ ಪೋಸ್ಟ್‌ಮನ್ನಿನ ಥರ ಮಾಡಪ್ಪ,
ತಡ ಆದ್ರೂ ತಂದ್ಕೊಡ್ತಿದ್ದ' ಎಂದಳು.

ಹದಿನಾರು ರಾತ್ರಿ.
ಉಕ್ಕಿನ ಅಚ್ಚು, ಮಸೂರ, ಸೂಜಿಯಂಥ ಉಳಿ.
ಅಕ್ಷರ ತಿರುವುಮುರುವು ಕೆತ್ತುವುದು ನನಗೆ ನಿದ್ದೆಯಲ್ಲೂ ಬರುತ್ತದೆ,
ಮೂವತ್ತು ವರ್ಷ ತಹಸೀಲ್ದಾರರನ್ನು
ಹಿಂದುಮುಂದಾಗಿ ಬರೆದ ಕೈ ಇದು.
ಸಂತನ ತೋಳಿನ ಮಗು ಮಾತ್ರ
ಪಟದಲ್ಲಿದ್ದ ಹಾಗೇ ಇಳಿದುಬಿಟ್ಟಿತು.
ಪ್ರೆಸ್ಸಿನಿಂದ ಮೊದಲ ನಾಣ್ಯ ಬೆಚ್ಚಗೆ ಅಂಗೈಗೆ ಬಿದ್ದಾಗ
ಹೆಸರು ನೆಟ್ಟಗಿತ್ತು, ನಂಬರು ನೆಟ್ಟಗಿತ್ತು,
ಎಡಗೈಯ ಮಗು ಬಲಗೈಯಲ್ಲಿತ್ತು.

ದುಡ್ಡು ಬೇಡ ಎಂದೆ. ಬೇರೆ ಉಕ್ಕು ತರುತ್ತೇನೆ ಎಂದೆ.
ಲೂರ್ದಮ್ಮ ನಾಣ್ಯವನ್ನು ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದು
ಹೆಬ್ಬೆರಳಲ್ಲಿ ಸವರಿದಳು.
'ಇರ್ಲಿ ಬಿಡೋ ಆಚಾರಿ.
ಎಷ್ಟು ವರ್ಷ ಅಂತ ಒಂದೇ ತೋಳಲ್ಲಿ ಎತ್ಕೊಂಡಿರ್ತಾನೆ,
ಸೋತಿರುತ್ತೆ. ಕೈ ಬದಲಾಯಿಸ್ಕೊಂಡವ್ನೆ.'

ನಲವತ್ತೊಂಬತ್ತು ಎಲ್ಲೆಲ್ಲೋ ಮಖಮಲ್ಲಿನಲ್ಲಿ ಮಲಗಿವೆ.
ಐವತ್ತನೆಯದು ನಡೆಯಿತು: ಶಾಂತಿಗ್ರಾಮ, ಬೇಲೂರು,
ಕಡೂರಿನ ರೈಲ್ವೆ ಬೇಲಿ, ಗದಗಿನ ಒಂದು ಹಾಳುಬಾವಿ.
ಆಮೇಲೆ ಏಳು ತಿಂಗಳಿಂದ ಸುದ್ದಿಯಿಲ್ಲ.
ಮೇಲೆ ಸುತ್ತುವ ಯಾವುದಕ್ಕೂ ಕಾಣುತ್ತಿಲ್ಲ.
ಅಂತೋಣಪ್ಪನೇ ಕಳೆದುಹೋದರೆ
ಯಾರ ಮುಂದೆ ಬತ್ತಿ ಹಚ್ಚೋದು ಆಚಾರ್ರೇ, ಎನ್ನುತ್ತಾಳೆ ಫಿಲೋಮಿನಾ.
ನಗುತ್ತಲೇ ಕೇಳುತ್ತಾಳೆ. ಪ್ರತಿ ಸಲ ಕೇಳುತ್ತಾಳೆ.

ಅಚ್ಚು ಮೇಜಿನ ಖಾನೆಯಲ್ಲಿದೆ.
ಶಾಯಿಪ್ಯಾಡು ತಡಕುವಾಗ ಬೆರಳಿಗೆ ತಗಲುತ್ತದೆ.
ಅದರಲ್ಲಿ ಮಗು ಇನ್ನೂ ಎಡಗೈಯಲ್ಲೇ ಇದೆ,
ಹಳ್ಳವಾಗಿ,
ಬೆರಳ ತುದಿ ಇಡುವಷ್ಟು ಜಾಗ.