ಐದು ಹಲ್ಲಿನ ಬಾಯಿ

ಕುಂಬಳೆ ಅಳಿವೆಯ ಈಚೆ ಶೀಟು ಹೊದೆಸಿದ ಕೊಟ್ಟಿಗೆ.
ಮೂರು ಸಿಮೆಂಟು ತೊಟ್ಟಿ, ಮೂಲೆಯಲ್ಲೊಂದು ನೀಲಿ ಡ್ರಮ್ಮು,
ಗಾಳಿಯೂದುವ ಮೋಟಾರು, ತಕ್ಕಡಿ, ಕ್ಯಾಲಿಪರು,
ಮತ್ತೆ ನಾನು.

ಕಡಲಿನ ಈ ಮುಳ್ಳುಚೆಂಡು ಬಲೆಗೆ ಸಿಕ್ಕಾಗ
ನನ್ನಪ್ಪ ಇಟ್ಟ ಹೆಸರುಗಳನ್ನು
ಇಲ್ಲಿ ಬರೆಯಲಾಗದು.
ನೂಲು ಬಿಡಿಸುವಷ್ಟರಲ್ಲಿ ಬೆರಳಿಗೆರಡು ಮುಳ್ಳು.
ಈಗ ಅವಕ್ಕೇ ಉಣಬಡಿಸಿ
ತಿಂಗಳ ಸಂಬಳ ತರುತ್ತೇನೆ.

ಒಂದನೆಯದಕ್ಕೆ ಬಂಡೆಯಿಂದ ಕೆರೆದ ಹಸಿರು ಪಾಚಿ.
ಎರಡನೆಯದಕ್ಕೆ ಸೋಯಾ, ಮೀನುಹುಡಿ, ಜೋಳ ಕಲಸಿದ ಗುಳಿಗೆ;
ಚೀಲದ ಮೇಲೆ ಪ್ರೋಟೀನಿನ ಅಂಕೆ ಅಂಗೈಯಗಲ.
ಮೂರನೆಯದಕ್ಕೆ ಎರಡೂ, ಅರ್ಧರ್ಧ.
ಡ್ರಮ್ಮಿಗೆ ವಾರಕ್ಕೊಂದು ಸಲ, ಒಂದು ಚಿಟಿಕೆ.
ಅದರ ಮಾತು ಆಮೇಲೆ.

ಗುಳಿಗೆ ತಿಂದವು ಬೇಗ ತುಂಬಿಕೊಂಡವು.
ಪ್ರಸೀದಾ ಮೇಡಂ ಒಂದನ್ನು ಒಡೆದು
ಒಳಗಿನ ಬಿಳಿಚಿದ ಎಸಳನ್ನು ನಾಲಗೆಗಿಟ್ಟು
ಮುಖ ಹಿಂಡಿದರು. ಕಹಿ.
ತೂಕಕ್ಕೇನೂ ಮೋಸವಿಲ್ಲ.
ಪಾಚಿಯವು ನಿಧಾನ, ಆದರೆ ಒಡೆದರೆ
ಮಾಗಿದ ಹಲಸಿನ ತೊಳೆಯ ಬಣ್ಣ.
ಮೂರನೇ ತೊಟ್ಟಿಯ ಸಂಗತಿ ಇನ್ನೂ ತೀರ್ಮಾನವಾಗಿಲ್ಲ,
ಮೇ ತಿಂಗಳ ಸೆಕೆಗೆ ಅರ್ಧ ಸತ್ತವು.

ಹನ್ನೊಂದು ವರ್ಷ ಅಂಗನವಾಡಿಯಲ್ಲಿ
ಮಕ್ಕಳ ತೋಳಿಗೆ ಟೇಪು ಸುತ್ತಿದವಳು ನಾನು.
ಹಸಿರು ಬಂದರೆ ಸರಿ, ಹಳದಿ ಬಂದರೆ ಮೊಟ್ಟೆ,
ಕೆಂಪಿಗೆ ಆಸ್ಪತ್ರೆಯ ಚೀಟಿ.
ಚಂದ್ರಾವತಿಯ ಕೊನೆಯ ಹುಡುಗಿ, ಸುನೀತಿ,
ಎಂದೂ ಕೆಂಪು ದಾಟಿದವಳಲ್ಲ.
ಬಿಸ್ಕತ್ತು ಕೊಟ್ಟರೆ ಕಾಗದ ಬಿಡಿಸಲೂ ತಡೆಯದೆ
ಕಾಗದ ಸಮೇತ ಕಚ್ಚುತ್ತಿದ್ದಳು.
ಅವಳ ಹಲ್ಲು ನೋಡಿ ನಾವೆಲ್ಲ ನಗುತ್ತಿದ್ದೆವು,
ಎಂಥ ಗಟ್ಟಿ ಹಲ್ಲು ಮಾರಾಯ್ತಿ!

ಡ್ರಮ್ಮಿನವನ್ನು ಮೊನ್ನೆ ಅಳೆದೆ.
ಚಿಪ್ಪು ಬೆಳೆದಿರಲಿಲ್ಲ. ಕುಗ್ಗಿತ್ತು.
ಅರ್ಧ ಮಿಲಿಮೀಟರು; ಮೂರು ಸಲ ಅಳೆದೆ, ಕುಗ್ಗಿಯೇ ಇತ್ತು.
ಆದರೆ ಅಡಿಯಲ್ಲಿ ಆ ಬಾಯಿ,
ಐದು ಹಲ್ಲು ಒಂದಕ್ಕೊಂದು ಆತುಕೊಂಡ ಆ ಪುಟ್ಟ ಗಾಣ,
ಹೊಟ್ಟೆ ತುಂಬಿದವುಗಳದ್ದಕ್ಕಿಂತ ದೊಡ್ಡದು.
ಮೇಡಂಗೆ ಆಶ್ಚರ್ಯವಾಗಲಿಲ್ಲ. ಹೀಗೇ ಆಗುವುದು, ಎಂದರು,
ಸಿಕ್ಕಿದ್ದನ್ನು ಬಿಡಬಾರದೆಂದು
ಮೈಗೆ ಇಲ್ಲದ್ದನ್ನು ಬಾಯಿಗೆ ಕೊಡುತ್ತದೆ.
ನನಗೆ ಕೈಯಲ್ಲಿದ್ದ ಕ್ಯಾಲಿಪರು
ಸ್ವಲ್ಪ ಹೊತ್ತು ಮುಚ್ಚಲಾಗಲಿಲ್ಲ.

ನಮ್ಮ ದಾಖಲೆ ಪುಸ್ತಕದ ತಲೆಬರಹ ಮಲಯಾಳದಲ್ಲಿ,
ಷರಾ ನಾನು ಬರೆಯುವುದು ಕನ್ನಡದಲ್ಲಿ.
ಮೇಡಂ ಕಣ್ಣೂರಿನವರು, ಅಂಕೆಗಳನ್ನಷ್ಟೇ ಓದುತ್ತಾರೆ.
ನಿನ್ನೆ ಸಂಜೆ ಏಳೂಕಾಲಕ್ಕೆ ಕರೆಂಟು ಹೋಯಿತು,
ಮೋಟಾರು ನಿಂತಿತು,
ಒಂದು ಹಿಡಿ ಪಾಚಿ ಡ್ರಮ್ಮಿಗೆ ಬಿತ್ತು.
ಬಿತ್ತು ಎಂದೇ ಬರೆದಿದ್ದೇನೆ.

ಆಮೇಲೆ ಕತ್ತಲಲ್ಲಿ ಕಿವಿಗೊಟ್ಟು ನಿಂತೆ.
ಯಾರೋ ತೆಂಗಿನಕಾಯಿ ತುರಿಯುತ್ತಿರುವಂತೆ,
ಬಹಳ ದೂರದ ಮನೆಯಲ್ಲಿ,
ನಾಳೆಯ ಸಾರಿಗೆ.